ಹೂಂಗುಟ್ಟುವ ಕೆರೆಯ ಶ್ರಾವಣ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ವರ್ಷ ನಲವತ್ತೆರಡೋ ನಲವತ್ಮೂರೋ ಎಂಬುದೇ ನನಗೆ ಖಚಿತವಿಲ್ಲ. ಆಗ ನನಗೆ ಹತ್ತು ತುಂಬಿತ್ತು ಎಂದು ನನ್ನ ಲೆಕ್ಕ; ಹನ್ನೊಂದು ಎಂದು ಅವ್ವ ಹೇಳುತ್ತಿದ್ದಳು. ನಾನು ದಿನಚರಿ ಬರೆಯಲು ಶುರುಮಾಡಿದ್ದು ಹದಿನಾರರಲ್ಲಿ. ಅದರ ಮೊದಲ ಪುಟಗಳಲ್ಲೇ ಆ ಶ್ರಾವಣದ ಬಗ್ಗೆ ಬರೆದಿದ್ದೇನೆ, ಆದರೆ ಅದು ವರ್ಷಗಟ್ಟಲೆ ತಡವಾಗಿ ಬರೆದದ್ದು. ಎರಡನೇ ಸಲ ಬರೆದದ್ದು ಹೈದರಾಬಾದಿನಲ್ಲಿ ಪ್ರಾಣಿಶಾಸ್ತ್ರ ಓದುವಾಗ. ಅಷ್ಟೊತ್ತಿಗೆ ಪುಸ್ತಕದಲ್ಲಿ ಓದಿದ್ದೂ ಕಣ್ಣಾರೆ ಕಂಡದ್ದೂ ಕಲೆತುಹೋಗಿದ್ದವು. ಎರಡೂ ಬರಹಗಳನ್ನು ಪಕ್ಕದಲ್ಲಿಟ್ಟು ಓದಿದರೆ ಒಂದರಲ್ಲಿ ಮೋಡವಿದೆ, ಇನ್ನೊಂದರಲ್ಲಿ ಇಳಿಬಿಸಿಲು. ಒಂದರಲ್ಲಿ ಕೂಸು ಮಾವನ ಹೆಗಲ ಮೇಲಿದೆ, ಇನ್ನೊಂದರಲ್ಲಿ ನನ್ನ ಬಗಲಲ್ಲಿ. ಈ ಕೊನೆಯ ವ್ಯತ್ಯಾಸವೊಂದನ್ನು ಬಿಟ್ಟರೆ ಉಳಿದ ಯಾವ ತಪ್ಪಿನಿಂದಲೂ ಯಾರಿಗೂ ಏನೂ ಆಗುವುದಿಲ್ಲ.

ಹೋದ ತಿಂಗಳು ಮಾವನನ್ನು ನೋಡಲು ಹೋಗಿದ್ದೆ. ಯಲಬುರ್ಗಾದಿಂದ ಮಂಗಳೂರಿನ ಬಸ್ಸು. ಸಮುದ್ರದ ಮಂಗಳೂರಲ್ಲ, ನಮ್ಮದು. ಅಲ್ಲಿಂದ ಅರ್ಧ ಹರದಾರಿ ನಡಿಗೆ. ಮೊದಲೆಲ್ಲ ಕೆರೆಯ ಏರಿಯ ಮೇಲೆ ಸುತ್ತಿಕೊಂಡು ಊರು ಸೇರಬೇಕಾಗಿತ್ತು. ಈಗ ಕೆರೆಯಲ್ಲಿ ಹೂಳು ತುಂಬಿ, ಅಂಗಳದ ನಡುವೆಯೇ ಕಾಲುದಾರಿ ಬಿದ್ದಿದೆ. ನಡೆಯುವಾಗ ಚಪ್ಪಲಿಯಡಿ ಜೇಕಿನ ಹುಲ್ಲಿನ ಗಡ್ಡೆ ಜಜ್ಜಿ ಆ ವಾಸನೆ ಬಂತು: ಹಸಿ ಮಣ್ಣು, ಸ್ವಲ್ಪ ಕರ್ಪೂರ, ಸ್ವಲ್ಪ ನಿಂತ ನೀರು. ನಾನು ನಿಂತುಬಿಟ್ಟೆ. ಮಧ್ಯಾಹ್ನದ ಎರಡು ಗಂಟೆ, ಸುತ್ತ ಒಂದು ನರಪಿಳ್ಳೆಯಿಲ್ಲ. ಆದರೂ ಕಿವಿ ತಾನಾಗಿಯೇ ಆ ಸದ್ದಿಗೆ ಕಾಯತೊಡಗಿತು.

ಆ ವರ್ಷ ಮುಂಗಾರಿಗೆ ಮೊದಲು ಕೊಪ್ಪಳದಲ್ಲಿ ಇಲಿ ಬಿದ್ದವು. ಹಾಗೆಂದರೆ ಪ್ಲೇಗು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಶಾಲೆ ಮುಚ್ಚಿತು. ನಿಜಾಮರ ಕಚೇರಿಯಲ್ಲಿ ಕಾರಕೂನನಾಗಿದ್ದ ಅಪ್ಪ ಊರ ಹೊರಗೆ ಗುಡಿಸಲು ಹಾಕಿದ. ಅವ್ವ ಬಸುರಿ, ಗಾಡಿಯಲ್ಲಿ ದೂರ ಹೋಗುವಂತಿರಲಿಲ್ಲ. ನನ್ನೊಬ್ಬಳನ್ನು ಅವ್ವನ ತವರಿಗೆ ಕಳಿಸಿದರು. ಅಲ್ಲಿ ಇದ್ದವರು ಆಯಿ, ಅಂದರೆ ಅವ್ವನ ತಾಯಿ. ಅವ್ವನ ತಮ್ಮ ಶರಣಪ್ಪ ಮಾವ. ಮಾವನ ಹೆಂಡತಿ ನೀಲತ್ತಿ. ಮತ್ತು ಹಿಂದಿನ ದೀಪಾವಳಿಯಲ್ಲಿ ಹುಟ್ಟಿದ ಅವರ ಕೂಸು ಗೌರಿ.

ನಾನು ಗಾಡಿಯಿಂದ ಇಳಿದಾಗ ನೀಲತ್ತಿ ಇರಲಿಲ್ಲ. ಕಟ್ಟೆಯ ಮೇಲೆ ಮಾವ ಕೂತು, ಒಳಲೆಯಲ್ಲಿ ಕೂಸಿಗೆ ಆಡಿನ ಹಾಲು ಕುಡಿಸುತ್ತಿದ್ದ. ಗಂಡಸು ಕೂಸಿಗೆ ಹಾಲು ಕುಡಿಸುವುದನ್ನು ನಾನು ನೋಡಿದ್ದು ಅದೇ ಮೊದಲು.

"ನೀಲತ್ತಿ ಎಲ್ಲಿ, ಆಯಿ?"

"ತವರಿಗೆ ಹೋಗ್ಯಾಳ."

"ಕೂಸು ಬಿಟ್ಟು?"

"ಕಾಲು ತೊಳಕೊಂಡು ಒಳಗ ಬಾ. ಬಂದ ಕೂಡ್ಲೇ ಪೊಲೀಸರಗತೆ ಕೇಳಬ್ಯಾಡ."

ಒಳಗೆ ನೀರಿನ ಮೂಲೆಯಲ್ಲಿ ಒಂದು ತಾಮ್ರದ ಕೊಡ ಬೇರೆಯಾಗಿ ಕೂತಿತ್ತು. ಅದರಿಂದ ನೀರು ಮೊಗೆಯಲು ಹೋದಾಗ ಆಯಿ ನನ್ನ ಕೈ ಹಿಡಿದಳು. ಯುಗಾದಿಯ ಆಚೆ ಒಂದು ಮುಂಜಾನೆ ನೀಲತ್ತಿ ಆ ಕೊಡ ಹೊತ್ತು ಕೆರೆಗೆ ಹೋಗಿದ್ದಳು. ಏರಿಯ ಕಲ್ಲಿನ ಮೇಲೆ ಕೊಡ ಇತ್ತು, ತುಂಬಿತ್ತು, ಪಕ್ಕದಲ್ಲಿ ಸಿಂಬಿ ಇತ್ತು, ಅವಳಿರಲಿಲ್ಲ. ಕೆರೆಗೆ ಬಿದ್ದಳು ಎಂದು ಅರ್ಧ ಊರು. ಗಂಗಾವತಿ ಕಡೆಯಿಂದ ಅಕ್ಕಿ ಹೇರಿಕೊಂಡು ಬರುತ್ತಿದ್ದ ಬಂಡಿಯವನ ಸಂಗಡ ಹೋದಳು ಎಂದು ಇನ್ನರ್ಧ ಊರು. ಅವಳ ತವರೂ ಆ ಕಡೆಯೇ, ಹೊಳೆಯ ಹಳೇ ಕಾಲುವೆಗಳ ಭತ್ತದ ಸೀಮೆ. "ಅನ್ನದ ನಾಡಿನಾಕಿ, ರೊಟ್ಟಿ ಗಂಟಲದಾಗ ಇಳೀಲಿಲ್ಲ" ಎಂದು ಆಯಿ ಸಿಟ್ಟು ಬಂದಾಗ ಹೇಳುತ್ತಿದ್ದಳು. ಸಿಟ್ಟು ಇಳಿದಾಗ, "ಓಡಿಹೋಗಾಕಿ ಕೊಡ ತುಂಬಿ ಇಡ್ತಾಳೇನು?" ಎಂದು ತನಗೆ ತಾನೇ ಕೇಳಿಕೊಳ್ಳುತ್ತಿದ್ದಳು. ಕೊಡದ ನೀರನ್ನು ಚೆಲ್ಲಲು ಅವಳಿಗೂ ಕೈ ಬರಲಿಲ್ಲ, ಮಾವನಿಗೂ ಬರಲಿಲ್ಲ. ಅದು ದಿನಕ್ಕಿಷ್ಟು ತಾನೇ ಇಂಗುತ್ತಿತ್ತು.

ಮಾವ ಹೊಲಕ್ಕೆ ಹೋಗುವಾಗಲೂ ಕೂಸನ್ನು ಹಚ್ಚಡದಲ್ಲಿ ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದ. ಚಾವಡಿಯ ಮುಂದೆ ಕೂತವರು ಸುಮ್ಮನೆ ಬಿಡುತ್ತಿರಲಿಲ್ಲ.

"ಏನ್ ಶರಣಪ್ಪ, ಎದಿಯಾಗ ಹಾಲು ಬಂತೇನು?"

"ಇನ್ನೂ ಇಲ್ಲೋ. ನಿನಗ ಬಂದಿದ್ರ ಹೇಳು, ಇಲ್ಲೇ ಇಳಿಸ್ತೀನಿ."

ಅವರು ನಗುತ್ತಿದ್ದರು, ಅವನೂ ನಗುತ್ತಿದ್ದ. ಅಗಸಿ, ಅಂದರೆ ಊರಬಾಗಿಲು, ದಾಟಿದ ಮೇಲೆ ಅವನ ಮುಖ ನೋಡುವವಳು ನಾನೊಬ್ಬಳೇ.

ಮುಂಗಾರಿನ ಮಿರಗದ ಮಳೆ ತಡವಾಗಿ ಬಂತು, ಬಂದಮೇಲೆ ಬಿಡಲಿಲ್ಲ. ಕೆರೆಯ ಅಂಚಿನ ಆಪು ಆಳೆತ್ತರ ಬೆಳೆಯಿತು. ಆಪು ಎಂದರೆ ಚಾಪೆ ಹೆಣೆಯುವ ಜೊಂಡು. ಆಗ ಶುರುವಾಯಿತು ಆ ಸದ್ದು. ದೀಪ ಹಚ್ಚುವ ಹೊತ್ತಿಗೆ ಆಪಿನ ಒಳಗಿನಿಂದ "ಹ್ಞೂಂ… ಹ್ಞೂಂ… ಹ್ಞೂಂ…" ಎಂದು ಯಾರೋ ಕಥೆ ಕೇಳುತ್ತ ಹೂಂಗುಟ್ಟಿದ ಹಾಗೆ. ಕೊಪ್ಪಳದಿಂದ ನಾನು ತಂದಿದ್ದ ಗೋಲಿ ಸೋಡಾ ಬಾಟಲಿಯ ಬಾಯಿಗೆ ತುಟಿ ಇಟ್ಟು ಊದಿದರೆ ಅಂಥದೇ ದನಿ ಬರುತ್ತಿತ್ತು. ನಾನು ಹಾಗೆ ಊದಿದ ದಿನ ಆಯಿ ಬಾಟಲಿಯನ್ನು ಕಸಿದು ಗೋಡೆಯಾಚೆ ಎಸೆದಳು. ಸಂಜೆಯ ಮೇಲೆ ಹೆಂಗಸರು ನೀರಿಗೆ ಹೋಗುವುದು ನಿಂತಿತು. ಕೆರೆಗೆ ಬಿದ್ದಳು ಎಂದಿದ್ದ ಅರ್ಧ ಊರು ಈಗ ಪೂರ್ತಿ ಊರಾಯಿತು.

ನಾವು ಹುಡುಗಿಯರು ಒಂದು ಆಟ ಕಟ್ಟಿಕೊಂಡೆವು. ಏರಿಯ ಮೇಲೆ ನಿಂತು ಕೆರೆಗೆ ಪ್ರಶ್ನೆ ಕೇಳುವುದು. ಅದು "ಹ್ಞೂಂ" ಅಂದರೆ ಹೌದು. ನಾಳೆ ಮಳಿ ಬರ್ತದೇನು, ನಮ್ಮ ಎಮ್ಮಿ ಈಯ್ತದೇನು, ಇಂಥವು. ಒಂದು ಸಂಜೆ ನಾನು ಕೇಳಿದೆ: "ನೀಲತ್ತಿ ಇಲ್ಲೇ ಅದಾಳೇನು?"

"ಹ್ಞೂಂ" ಎಂದಿತು ಕೆರೆ.

ಮನೆಗೆ ಓಡಿಬಂದು ಆಯಿಗೆ ಹೇಳಿದೆ. ಆಯಿ ಬೈಯಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಮರುದಿನ ಹೋಳಿಗೆ ಮಾಡಿ, ಹಸಿರು ಬಳೆ, ಕೆಂಪು ದಡಿಯ ಹೊಸ ಕುಬಸದ ಖಣ ಎಲ್ಲ ಒಂದು ಮೊರದಲ್ಲಿಟ್ಟು, ಕೊಡ ಸಿಕ್ಕಿದ್ದ ಅದೇ ಕಲ್ಲಿನ ಮೇಲೆ ಎಡೆ ಇಟ್ಟು ಬಂದಳು. ಸತ್ತವರಿಗೆ ಇಡುವ ಎಡೆ. ಎರಡು ದಿನ ಬಿಟ್ಟು ನೋಡಿದರೆ ಖಣ ಇರಲಿಲ್ಲ. "ಒಯ್ದಾಳ. ಮುಟ್ಟೇತಿ" ಎಂದಳು ಆಯಿ. ಆಮೇಲೆ ನನಗೊಂದು ಕಟ್ಟು ಹಾಕಿದಳು: "ದೀಪ ಹಚ್ಚಿದ ಮ್ಯಾಲೆ ಹೊರಗ ಯಾರರ ಕರದ್ರ, ಮೂರು ಸಲ ಆಗೂತನಕ ಓ ಅನಬ್ಯಾಡ. ದೆವ್ವಕ್ಕ ಮೂರನೇ ಸಲ ಕರಿಯಾಕ ಬರೂದಿಲ್ಲ." ಆ ಊರಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ನಿಯಮ, ದೊಡ್ಡವರೂ ಪಾಲಿಸುತ್ತಿದ್ದರು.

ಮಾವ ಮಾತ್ರ ಸಂಜೆ ಕೆರೆಗೆ ಹೋಗುವುದನ್ನು ಬಿಡಲಿಲ್ಲ. ಕೂಸನ್ನೂ ಒಯ್ಯುತ್ತಿದ್ದ, ನಾನೂ ಹಿಂದೆ ಬೀಳುತ್ತಿದ್ದೆ. ಗೌರಿಗೆ ಆ ಸದ್ದೆಂದರೆ ಖುಷಿ. ಆಪಿನಿಂದ "ಹ್ಞೂಂ" ಬಂದ ಕೂಡಲೇ ಬಾಯಿ ಸುರುಳಿ ಮಾಡಿ "ಊ…" ಎಂದು ತಾನೂ ಕೂಗುತ್ತಿದ್ದಳು. ಅವಳು ಜಗತ್ತಿನಲ್ಲಿ ಮೊದಲು ಉತ್ತರ ಕೊಟ್ಟದ್ದು ಅದಕ್ಕೆ.

ಅದು ಹಕ್ಕಿ ಎಂದು ನಮಗೆ ತೋರಿಸಿದವಳು ಚಾಂದಬೀ. ಆಪು ಕೊಯ್ದು ಚಾಪೆ ಹೆಣೆಯುವ ಮನೆಯವಳು, ನಲವತ್ತರ ಆಸುಪಾಸು, ಮೊಣಕಾಲು ತನಕ ಕೆಸರಿನಲ್ಲೇ ಅರ್ಧ ವರ್ಷ ಕಳೆಯುತ್ತಿದ್ದವಳು. ಊರಿನ ದೆವ್ವದ ಮಾತು ಅವಳಿಗೆ ಹಿಡಿಸುತ್ತಿರಲಿಲ್ಲ. "ಯುಗಾದಿಗೆ ಕೆರಿಯಾಗ ಮೊಣಕಾಲಮಟ ನೀರಿದ್ವು. ಅಷ್ಟರಾಗ ಸಾಯಬೇಕಂದ್ರ ಮಲಗಬೇಕಾಗ್ತದ" ಎಂದು ಮಾವನ ಎದುರಿಗೇ ಹೇಳಿಬಿಟ್ಟಿದ್ದಳು.

ಒಂದು ಸಂಜೆ ಅವಳು ನಮ್ಮನ್ನು ಕೈಬೀಸಿ ಕರೆದು, ತಾನು ಕೊಯ್ಯದೆ ಬಿಟ್ಟಿದ್ದ ಆಪಿನ ಒಂದು ತುಂಡನ್ನು ಕುಡುಗೋಲ ತುದಿಯಿಂದ ಸರಿಸಿದಳು. ಒಣಹುಲ್ಲಿನ ಮೇಲೆ ಬೂದಿ ಬಣ್ಣದ ಹಕ್ಕಿಯೊಂದು ನೆಲಕ್ಕಂಟಿ ಕೂತಿತ್ತು. ನಮ್ಮನ್ನು ನೋಡಿಯೂ ಏಳಲಿಲ್ಲ, ಕಣ್ಣೂ ಮಿಟುಕಿಸಲಿಲ್ಲ.

"ಆಪಿನ ಕೋಳಿ. ಅಡಿಯಾಗ ನಾಕು ತತ್ತಿ ಅದಾವ" ಎಂದಳು.

"ತಾಯಿ ಪಾಪ" ಎಂದೆ ನಾನು.

"ತಾಯಿ ಅಲ್ಲ ಬೇಟಿ. ಇಂವ ಅಪ್ಪ."

ಮಾವ ನಕ್ಕ. "ಚಾಂದಬೀ, ಗಂಡು ಕಾವು ಕೂಡ್ತದೇನು? ನನ್ನ ನೋಡಿ ಚಾಷ್ಟಿ ಮಾಡ್ತಿ."

"ಖುದಾ ಕಸಂ ಶರಣಪ್ಪಣ್ಣ. ಇಪ್ಪತ್ತು ವರ್ಷ ನೋಡೀನಿ. ಅಲ್ಲಿ ನೋಡ್ರಿ ಆಕಿನ್ನ."

ಸ್ವಲ್ಪ ದೂರದ ಕೆಸರಿನಲ್ಲಿ ಇನ್ನೊಂದು ಹಕ್ಕಿ ಹೊರಬಂತು. ಅದು ದೊಡ್ಡದು. ತಲೆ, ಎದೆಯೆಲ್ಲ ಕಾವಿಗೆಂಪು, ಕಣ್ಣಿನ ಸುತ್ತ ಬಿಳಿ ಕಾಡಿಗೆ ತೀಡಿದಂತೆ, ಹೆಗಲ ಮೇಲೆ ಬಿಳಿಯ ಪಟ್ಟಿ. ಅದು ಕತ್ತು ತಗ್ಗಿಸಿ "ಹ್ಞೂಂ" ಎಂದಿತು. ಇಷ್ಟು ದಿನ ಊರನ್ನು ಹೆದರಿಸಿದ ದನಿ ಇಷ್ಟೇ ಎದೆಯಿಂದ ಬರುತ್ತಿತ್ತು. ಆಪಿನ ಆಚೆಯಿಂದ ಬೂದಿ ಬಣ್ಣದ ಬೇರೊಂದು ಹಕ್ಕಿ ಇಣುಕಿತು. ಆಗ ಕೆಂಪಿನದು ಎರಡೂ ರೆಕ್ಕೆಗಳನ್ನು ಮುಂದಕ್ಕೆ ಚಾಚಿ ಬಿಡಿಸಿತು, ಬಾಲ ಬೀಸಣಿಗೆಯಾಯಿತು, ರೆಕ್ಕೆಯ ತುಂಬ ಹೊನ್ನಿನ ಚುಕ್ಕೆ. ಬಿಡಿಸಿದ್ದನ್ನು ಹಾಗೇ ಹಿಡಿದು ನಿಂತಿತು. ಇದೆಲ್ಲ ನಾನು ಕಂಡೆನೋ, ಆಮೇಲೆ ಪುಸ್ತಕದಲ್ಲಿ ಓದಿ ಆ ಸಂಜೆಗೆ ತಂದು ಹೊಂದಿಸಿದೆನೋ ಎಂದು ಅನುಮಾನಪಟ್ಟಿದ್ದೇನೆ. ಹೊನ್ನಿನ ಚುಕ್ಕೆಗಳ ಬಗ್ಗೆ ಆಣೆ ಮಾಡಲಾರೆ. ಆದರೆ ಕುಣಿದದ್ದು ಬಣ್ಣದ್ದು, ನೋಡುತ್ತ ನಿಂತದ್ದು ಬೂದಿಯದು. ಅದು ಮಾತ್ರ ನಿಜ.

"ಕುಣಿಯಾಕಿ ಆಕಿ, ಕರಿಯಾಕಿ ಆಕಿ," ಎಂದಳು ಚಾಂದಬೀ. "ಇಂವಗ ನಾಕು ತತ್ತಿ ಇಟ್ಟುಕೊಟ್ಟು ದಂಡಿ ದಾಟ್ತಾಳ. ಆ ಕಡೆ ಇನ್ನೊಬ್ಬನ್ನ ಕರೀತಾಳ. ಅಂವಗೂ ನಾಕು. ಮರಿ ಸಾಕೂದೆಲ್ಲ ಇವರ ಪಾಲಿಗೆ."

"ತಿರುಗಿ ಬರ್ತಾಳೇನು?" ಎಂದು ಮಾವ ಕೇಳಿದ. ನಗುವಿನ ದನಿಯಲ್ಲೇ ಕೇಳಿದ.

"ನಾ ನೋಡಿಲ್ಲಪ್ಪ. ಬಂದ್ರೂ ಇಂವ ಸುಮ್ಮ ಕೂಡ್ತಾನ, ಅಲುಗೂದಿಲ್ಲ. ಮರಿ ಇದ್ದಾವಗ ಯಾರು ಬಂದ್ರೂ ಹೆದರಿಕಿ."

ಬರುವ ದಾರಿಯಲ್ಲಿ ಮಾವ ಒಂದು ಮಾತು ಹೇಳಿದ. ನೀಲತ್ತಿ ಹುಟ್ಟಿದ ಭತ್ತದ ಸೀಮೆಯಲ್ಲಿ ಈ ಹಕ್ಕಿ ಬಹಳವಂತೆ. ಹೆಂಡತಿ ಗಂಡನ ಹೆಸರು ಹಿಡಿದು ಕರೆಯುವಂತಿಲ್ಲವಲ್ಲ. ಹೊಲಕ್ಕೆ ಬುತ್ತಿ ತಂದಾಗ ಅವಳು ಬದುವಿನ ಮೇಲೆ ನಿಂತು, ಎರಡು ಅಂಗೈ ಬಟ್ಟಲು ಮಾಡಿ ಊದಿ, ಈ ಹಕ್ಕಿಯ ಹಾಗೆ ಕರೆಯುತ್ತಿದ್ದಳಂತೆ. ಮಾವ ಕೂಸನ್ನು ನನ್ನ ಕೈಗಿತ್ತು, ತಾನೂ ಅಂಗೈ ಕೂಡಿಸಿ ಊದಿ ತೋರಿಸಿದ. ಎರಡು ಸಲ ಊದಿ ಕೈ ಇಳಿಸಿದ.

ಶ್ರಾವಣದ ಮೊದಲ ಸೋಮವಾರವೋ ಎರಡನೆಯದೋ, ಮಾವ ಹೊಲದಲ್ಲಿದ್ದಾಗ ಮನೆಗೊಬ್ಬ ಮುದುಕ ಬಂದ. ಬಿಳಿ ರುಮಾಲು, ಕಾಲ ತುಂಬ ಎರೆಮಣ್ಣು. ನೀರು ಕುಡಿದ. ಆಮೇಲೆ ಮೆಲ್ಲಗೆ, "ಸೋಡಚೀಟಿ ಒಂದು ಕೊಟ್ಟುಬಿಡ್ರೆವ್ವ. ಆಕಿ ಹಾದಿ ಆಕಿಗೆ, ನಿಮ್ಮ ಹಾದಿ ನಿಮಗ. ಕೂಸು ನಿಮ್ಮದೇ, ಅದಕ್ಕ ಯಾರೂ ಕೈ ಹಚ್ಚೂದಿಲ್ಲ" ಎಂದ.

ಆಯಿ ಎದ್ದು ಬಾಗಿಲು ತೋರಿಸಿದಳು. "ಆಕಿಗೆ ಎಡಿ ಇಟ್ಟಾಗೇದ. ಸತ್ತಾಕಿಗೆ ಯಾತರ ಚೀಟಿ? ಏಳ್ರಿ."

ಸೋಡಚೀಟಿ ಎಂದರೆ ಗಂಡ ಹೆಂಡತಿಯನ್ನು ಬಿಟ್ಟೆನೆಂದು ಬರೆದುಕೊಡುವ ಕಾಗದ. ಅದು ಕೈಯಲ್ಲಿದ್ದರೆ ಅವಳು ಇನ್ನೊಬ್ಬನ ಹೆಸರಲ್ಲಿ ಸೀರೆ ಉಟ್ಟು ಉಡಿಕೆ, ಅಂದರೆ ಮರುಮದುವೆ, ಆಗಬಹುದು. ಮಕ್ಕಳು ಮಾತ್ರ ಮೊದಲ ಗಂಡನ ಮನೆಯಲ್ಲೇ ಉಳಿಯಬೇಕು. ನಮ್ಮ ಕಡೆ ಅದು ಹೊಸದೇನಲ್ಲ. ಆದರೆ ಆ ಮಾತು ನನ್ನ ಕಿವಿಗೆ ಮೊದಲ ಸಲ ಬಿದ್ದದ್ದು. ನಾನು ಕೇಳಿಸಿಕೊಂಡದ್ದು ಸೋಡಾ ಚೀಟಿ. ಕೊಪ್ಪಳದ ಸಂತೆಯಲ್ಲಿ ಸೋಡಾ ಬಾಟಲಿಗೆ ಚೀಟಿ ಕೊಡುತ್ತಾರೇನೋ, ಆಯಿ ಎಸೆದ ನನ್ನ ಬಾಟಲಿಯನ್ನು ಕೇಳಿಕೊಂಡು ಈ ಅಜ್ಜ ಬಂದಿದ್ದಾನೆ ಎಂದುಕೊಂಡೆ. "ಮಾವನ ಮುಂದ ಉಸಿರೆತ್ತಿದ್ರ ನೋಡು" ಎಂದು ಆಯಿ ಹೇಳಿದ್ದೂ ಬಾಟಲಿಯ ಸಲುವಾಗಿಯೇ ಎಂದುಕೊಂಡೆ. ನಾನು ಉಸಿರೆತ್ತಲಿಲ್ಲ.

ನಾನು ತಿಳಿದು ಸುಮ್ಮನಿದ್ದೆನೇ, ತಿಳಿಯದೆಯೇ? ಹತ್ತು ವರ್ಷದ ಹುಡುಗಿಗೆ "ಕೂಸು ನಿಮ್ಮದೇ" ಎಂಬ ಮಾತು ಅರ್ಥವಾಗದೆ ಇರುತ್ತದೆಯೇ? ಆ ಹೊತ್ತಿಗೆ ಗೌರಿ ನನ್ನ ಮೈಗೆ ಅಂಟಿಹೋಗಿದ್ದಳು. ನಾನಿಲ್ಲದೆ ಮಲಗುತ್ತಿರಲಿಲ್ಲ. ನೀಲತ್ತಿ ಬಂದರೆ ಕೂಸನ್ನು ಒಯ್ಯುತ್ತಾಳೆ ಎಂದು ನಾನು ಒಂದು ದಿನವಾದರೂ ಹೆದರಿದ್ದೆ. ಅದು ಮುದುಕ ಬರುವುದಕ್ಕೆ ಮೊದಲೋ ಆಮೇಲೋ, ದಿನಚರಿಯಲ್ಲಿಲ್ಲ.

ಅದಾಗಿ ನಾಲ್ಕೈದು ದಿನಕ್ಕೆ ತತ್ತಿ ಒಡೆದು ಮರಿ ಹೊರಬಂದಿವೆ ಎಂದು ಚಾಂದಬೀ ಹೇಳಿಕಳಿಸಿದಳು. ಮಾವ, ನಾನು, ಗೌರಿ ಹೋದೆವು. ಮಳೆ ಬಿಟ್ಟಿತ್ತು. ಬೂದಿ ಬಣ್ಣದ ಅಪ್ಪ ಕೆಸರಿನ ಅಂಚಿನಲ್ಲಿ ಮುಂದೆ, ಪಟ್ಟೆ ಪಟ್ಟೆಯ ನಾಲ್ಕು ಮರಿ ಹಿಂದೆ. ನಾವು ಆಪಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತೆವು. ಆಚೆ ದಂಡೆಯ ಏರಿ ಮಸುಕಾಗುತ್ತಿತ್ತು. ಕೊಡ ಸಿಕ್ಕ ಕಲ್ಲು ಅಲ್ಲಿಂದ ಕಾಣುತ್ತಿತ್ತು, ಅದರ ಪಕ್ಕದ ಜಾಲಿಯೂ ಕಾಣುತ್ತಿತ್ತು. ಎಂದಿನಂತೆ ಆಪಿನೊಳಗೆ ಹೂಂಗುಟ್ಟುವುದು ಶುರುವಾಗಿ, ಎಂದಿನಂತೆ ಬಹಳ ಹೊತ್ತು ನಡೆದು ನಿಂತಿತು.

ಆಮೇಲೆ ಏರಿಯ ಕಡೆಯಿಂದ ಬಂತು. "ಹ್ಞೂಂ."

ಅದೇ ದನಿ. ಆದರೆ ಎತ್ತರದಿಂದ ಬಂತು, ನೀರಿನ ಮಟ್ಟದಿಂದಲ್ಲ. ಮಾವನ ಬೆನ್ನು ನೆಟ್ಟಗಾಯಿತು.

"ಹ್ಞೂಂ."

ನಮ್ಮ ಮುಂದಿದ್ದ ಹಕ್ಕಿ ರೆಕ್ಕೆ ಕೆಳಗಿಳಿಸಿ ನೆಲಕ್ಕಂಟಿತು. ಮರಿಗಳು ಅದರಡಿ ಸೇರಿ ಇಲ್ಲವಾದವು. ಜಾಲಿಯ ಹತ್ತಿರ ಏನೋ ನಿಂತಿತ್ತು. ಸೀರೆಯ ಬಣ್ಣ ಇಟ್ಟಂಗಿ ಕೆಂಪು ಎಂದು ಬರೆದಿದ್ದೇನೆ. ಆ ಬೆಳಕಿನಲ್ಲಿ ಬಣ್ಣ ಕಾಣುವಂತಿರಲಿಲ್ಲ, ಹಕ್ಕಿಯ ಎದೆಯ ಬಣ್ಣವನ್ನೇ ನಾನು ಅವಳಿಗೆ ಉಡಿಸಿರಬೇಕು. ಮಾವ ಏಳಲು ಹೋದ, ಅಥವಾ ಹೋದಂತೆ ನನಗೆ ಕಂಡಿತು. ನಾನು ಅವನ ತೋಳು ಹಿಡಿದುಕೊಂಡೆ.

"ಓ ಅನಬ್ಯಾಡ ಮಾವಾ. ಇನ್ನೂ ಎರಡೇ ಆಗ್ಯಾವ. ಮೂರನೇದು ಕರೀಲಿ."

ಅವನು ಕೂತ. ನಾವು ಕಾದೆವು. ಆಗ ಗೌರಿ, ದಿನವೂ ಉತ್ತರ ಕೊಡುವಂತೆ, ಬಾಯಿ ಸುರುಳಿ ಮಾಡಿ ಉಸಿರು ಎಳೆದುಕೊಂಡಳು. ಅದರ ಎದೆ ಉಬ್ಬಿದ್ದು ನನಗೆ ಗೊತ್ತಾಯಿತು. ಒಂದು ಕೈ ಅದರ ಬಾಯಿ ಮುಚ್ಚಿತು. ಗಟ್ಟಿಯಾಗಿಯೇ ಮುಚ್ಚಿತು, ಕೂಸು ಕಾಲು ಝಾಡಿಸಿತು.

ಮೂರನೆಯ ಕೂಗು ಬರಲಿಲ್ಲ. ಎಷ್ಟು ಹೊತ್ತು ಕಾದೆವೋ. ನೋಡುವಾಗ ಜಾಲಿಯ ಹತ್ತಿರ ಜಾಲಿಯಷ್ಟೇ ಇತ್ತು. ಕೈ ಬಿಟ್ಟಮೇಲೆ ಗೌರಿ ಅತ್ತ ಅಳು ಊರ ತನಕ ಕೇಳಿಸಿತಂತೆ.

ಮರುದಿನ ಬೆಳಿಗ್ಗೆ ಚಾಂದಬೀ ನಮ್ಮ ಮನೆಯ ಕಟ್ಟೆಗೆ ಬಂದಳು. ಏರಿಯ ಕಲ್ಲಿನ ಮೇಲೆ ಸಿಕ್ಕಿತು ಎಂದು, ಎಳ್ಳಷ್ಟೂ ನೆಂದಿರದ ಒಂದು ಕುಲಾಯಿ ಮುಂದಿಟ್ಟಳು. ಕೂಸಿನ ತಲೆಗೆ ಕಟ್ಟುವ ಟೋಪಿ, ಸಣ್ಣ ಸಣ್ಣ ಹೊಲಿಗೆ. ಆಯಿ ಅದನ್ನು ತಿರುಗಿಸಿ ನೋಡಿದಳು. ಕೆಂಪು ದಡಿಯ ಖಣ. ಅವಳೇ ಎಡೆ ಇಟ್ಟಿದ್ದ ಖಣ.

"ದೆವ್ವದ್ದು. ಒಲಿಗೆ ಹಾಕ್ತೀನಿ" ಎಂದು ಆಯಿ ಎದ್ದಳು, ಆದರೆ ಅವಳ ದನಿಯಲ್ಲಿ ದೆವ್ವ ಇರಲಿಲ್ಲ.

"ದೆವ್ವಕ್ಕ ಸೂಜಿ ಎಲ್ಲಿಂದ ಬಂತವ್ವ?" ಎಂದಳು ಚಾಂದಬೀ.

ಮಾವ ಕುಲಾಯಿಯನ್ನು ಆಯಿಯ ಕೈಯಿಂದ ತೆಗೆದುಕೊಂಡು ಗೌರಿಯ ತಲೆಗೆ ಇಟ್ಟು ನೋಡಿದ. ಸರಿಯಾಗಿ ಕೂತಿತು. ಬಿಟ್ಟುಹೋದಾಗಿನ ಅಳತೆಯದಲ್ಲ, ಈಗಿನ ಅಳತೆಯದು. ಅವಳು ಎಲ್ಲಿಂದಲೋ ನೋಡಿದ್ದಳು, ಅಥವಾ ಮನಸ್ಸಿನಲ್ಲೇ ತಿಂಗಳು ತಿಂಗಳು ಬೆಳೆಸಿದ್ದಳು. ಮಾವ ಅದನ್ನು ಬಿಚ್ಚಿ ರುಮಾಲಿನೊಳಗೆ ಇಟ್ಟುಕೊಂಡ. ಆಮೇಲೆ ಒಳಗೆ ಹೋಗಿ, ತಳಕ್ಕಿಳಿದಿದ್ದ ಕೊಡದ ನೀರನ್ನು ತಂದು ಕಟ್ಟೆಯ ಕೆಳಗಿನ ತೊಂಡೆಯ ಬುಡಕ್ಕೆ ಸುರಿದ.

ಭಾದ್ರಪದದಲ್ಲಿ ಕೊಪ್ಪಳದಿಂದ ಗಾಡಿ ಬಂತು. ಇಲಿಗಳ ಕಾಟ ಮುಗಿದಿತ್ತು. ನನಗೆ ತಮ್ಮ ಹುಟ್ಟಿದ್ದ. ನೀಲತ್ತಿಯ ಬಗ್ಗೆ ಆಗೊಮ್ಮೆ ಈಗೊಮ್ಮೆ ಏನೋ ಕೇಳಿಬರುತ್ತಿತ್ತು. ರಜಾಕಾರರ ಗಲಾಟೆಯಲ್ಲಿ ಆ ಕಡೆಯ ಜನ ಹೊಳೆ ದಾಟಿ ಚೆದುರಿಹೋದ ಮೇಲೆ ಅದೂ ನಿಂತಿತು. ಮಾವನಿಗೆ ಆಯಿ ಮೂರು ಹೆಣ್ಣು ನೋಡಿದಳು. ಮೂವರನ್ನೂ ಅವನು ಛಲೋ ಅದಾಳ ಎಂದ, ಒಬ್ಬಳನ್ನೂ ಮಾಡಿಕೊಳ್ಳಲಿಲ್ಲ.

ಹೈದರಾಬಾದಿನ ಕಾಲೇಜಿನಲ್ಲಿ ಒಂದು ದಿನ ಮೇಷ್ಟರು ಕಪಾಟಿನ ಸೆಳೆಖಾನೆ ಎಳೆದು, ಹತ್ತಿ ತುಂಬಿದ ಎರಡು ಹಕ್ಕಿಗಳನ್ನು ಮೇಜಿನ ಮೇಲಿಟ್ಟು, ಗಂಡು ಯಾವುದು ಹೇಳಿ ಎಂದರು. ತರಗತಿಯೆಲ್ಲ ಕಾವಿಗೆಂಪಿನದನ್ನು ತೋರಿಸಿತು. ಜಗತ್ತಿನಲ್ಲಿ ಕೆಲವೇ ಹಕ್ಕಿಗಳು ಹೀಗೆ, ಹೆಣ್ಣಿಗೆ ಬಣ್ಣ, ಹೆಣ್ಣಿಗೇ ಕೂಗು, ಒಂದು ಹಂಗಾಮಿಗೆ ಹಲವು ಗಂಡುಗಳು, ಕಾವು ಗಂಡಿನದು ಎಂದು ಅವರು ವಿವರಿಸಿದಾಗ ಹಿಂದಿನ ಬೆಂಚಿನವರು "ಪಾಪ ಗಂಡು" ಎಂದು ನಕ್ಕರು. ಪುಸ್ತಕದಲ್ಲಿ ಬಣ್ಣದ ಉಲ್ಲಂಕಿ ಎನ್ನುವ ಆ ಆಪಿನ ಕೋಳಿಯ ಗಾಜಿನ ಕಣ್ಣನ್ನೇ ನಾನು ನೋಡುತ್ತಿದ್ದೆ. ಊರಿನ ಜನ ಹೇಳಿದ್ದು ಸುಳ್ಳಾಗಿರಲಿಲ್ಲ. ಕೆರೆಯಲ್ಲಿ ಕರೆಯುತ್ತಿದ್ದದ್ದು ಹೆಣ್ಣೇ. ಸೋಡಚೀಟಿ ಎಂದರೇನೆಂದು ಆ ಹೊತ್ತಿಗೆ ನನಗೆ ತಿಳಿದಿತ್ತು.

ಹೋದ ತಿಂಗಳು ಮಾವ ಅದೇ ಕಟ್ಟೆಯ ಮೇಲೆ ಕೂತಿದ್ದ. ಕಣ್ಣು ಮಂಜಾಗಿವೆ, ಕಿವಿ ಚುರುಕಾಗಿವೆ. ಗೌರಿ ಒಳಗೆ ಚಹಾ ಮಾಡುತ್ತಿದ್ದಳು. ಅವಳಿಗೂ ಮೊಮ್ಮಕ್ಕಳಾಗುವ ವಯಸ್ಸು ಹತ್ತಿರ ಬಂದಿದೆ. ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿಬಿಡೋಣವೆಂದು ನಾನೇ ಬಾಯಿ ತೆಗೆದೆ.

"ಮಾವಾ, ಆ ವರ್ಷ ಸೋಡಚೀಟಿ ಕೇಳಾಕ ಒಬ್ಬ ಅಜ್ಜ ಬಂದಿದ್ದ. ನಾ ನಿನಗ ಹೇಳಲಿಲ್ಲ."

"ಅಗಸ್ಯಾಗ ಸಿಕ್ಕಿದ್ನಲ್ಲ. ಅಲ್ಲೇ ಬರದು ಕೊಟ್ಟೆ."

ಅವನು ಅದನ್ನು ಹೊಲಕ್ಕೆ ಬೀಜ ಕೊಟ್ಟೆ ಎನ್ನುವಷ್ಟು ಸಹಜವಾಗಿ ಹೇಳಿದ.

"ಹಂಗಾದ್ರ ಆಕಿ ಬದುಕ್ಯಾಳ ಅಂತ ನಿನಗ ಗೊತ್ತಿತ್ತು."

"ಹ್ಞೂಂ."

"ಮತ್ತ ಮೂರನೇದಕ್ಕ ಯಾಕ ಕಾದಿ?"

"ನೀ ಕಾಯಿ ಅಂದಿ, ಕಾದೆ" ಎಂದು ನಕ್ಕ. ಚಾವಡಿಯವರ ಮುಂದೆ ನಗುತ್ತಿದ್ದ ನಗು. ಆಮೇಲೆ ಒಣಗಿದ ಕೆರೆಯ ಕಡೆಗೆ ಮುಖ ತಿರುಗಿಸಿದ. "ಆಕಿ ಯಾವತ್ತೂ ಎರಡೇ ಸಲ ಕರೀತಿದ್ಳು, ಸರೂ. ಮೂರನೇದು ಇರ್ತಿದ್ದಿಲ್ಲ."

ಒಳಗೆ ಗೌರಿ ಕಪ್ಪು-ಬಸಿ ಜೋಡಿಸುವ ಸದ್ದು ಕೇಳುತ್ತಿತ್ತು. ಅವಳು ಹೊರಬರುವ ಮೊದಲೇ ಕೇಳಬೇಕಾಗಿತ್ತು, ಕೇಳಿದೆ. ಅವನು ಮಂಜುಗಣ್ಣಿನಿಂದ ಮೊದಲು ನನ್ನ ಕೈಯನ್ನು, ಆಮೇಲೆ ತನ್ನ ಕೈಯನ್ನು ನೋಡಿದ. ಅಷ್ಟರಲ್ಲಿ ಚಹಾ ಬಂತು, ಗೌರಿ ನಮ್ಮ ನಡುವೆ ಕೂತಳು, ಬಸ್ಸಿಗೆ ಹೊತ್ತಾಯಿತು. ಬಂದಮೇಲೆ ಅದನ್ನೇ ಕಾಗದದಲ್ಲಿ ಬರೆದು ಕೇಳಿದ್ದೇನೆ. ಓದಿ ಹೇಳುವವಳು ಗೌರಿಯೇ ಎಂಬುದು ಹೊಳೆದದ್ದು ಕಾಗದ ಡಬ್ಬಿಗೆ ಬಿದ್ದ ಮೇಲೆ. ಇವತ್ತಿನ ತನಕ ಉತ್ತರವಿಲ್ಲ. ಬರೆದದ್ದು ಒಂದೇ ಸಾಲು.

ಮಾವಾ, ಅವತ್ತು ಕೂಸಿನ ಬಾಯಿ ಮುಚ್ಚಿದ ಕೈ ನಂದೋ, ನಿಂದೋ?